ಅಕ್ಕಿ ತೊಳೆದ ನೀರಿನಲ್ಲಿ

ಏಕಾದಶಿಯ ಉಪವಾಸ ಮುಗಿದಿತ್ತು. ದ್ವಾದಶಿಯ ಬೆಳಗ್ಗೆ ಪಾರಣೆಗೆಂದು ಅಕ್ಕಿ ತೊಳೆಯುವಾಗ ನಾಲ್ಕೈದು ನುಸಿಗಳು ತೇಲಿ ಬಂದವು. ಕಡ್ಡಿಯಿಂದ ಎತ್ತಿ ಹೊರಗೆ ಬಿಟ್ಟೆ. ಒಂದು ಮಾತ್ರ ಅಲುಗಲಿಲ್ಲ. ಹಿಂದಿನ ದಿನವೆಲ್ಲ ಜಪಮಣಿ ಎಣಿಸಿದ ಕೈಯಲ್ಲೇ ಒಂದು ಜೀವ ಹೋಯಿತಲ್ಲ ಎಂದು ಒಲೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಸೊಪ್ಪು, ಬೇಳೆ, ಅನ್ನ ಉಂಡವರ ಎಲೆಯಲ್ಲಿ ಹಿಂಸೆಯೇ ಇರುವುದಿಲ್ಲ ಎಂದು ನಾವು ನಂಬಿದ್ದೇವೆ. ಶಾಸ್ತ್ರ ನಮಗೆ ಅಷ್ಟು ಸುಲಭದ ಸಮಾಧಾನ ಕೊಡುವುದಿಲ್ಲ. ಗೃಹಸ್ಥನ ಮನೆಯಲ್ಲಿ ಐದು ‘ಸೂನಾ’ಗಳಿವೆ ಎನ್ನುತ್ತದೆ ಮನುಸ್ಮೃತಿಯ 3ನೆಯ ಅಧ್ಯಾಯ. ಸೂನಾ ಎಂದರೆ ಕೊಲ್ಲುವ ಜಾಗ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ. ಇವುಗಳಲ್ಲಿ ಮಾಂಸದ ಮಾತೇ ಇಲ್ಲ. ಎಲ್ಲವೂ ಮಡಿಯಲ್ಲಿ ಮುಟ್ಟುವ ವಸ್ತುಗಳೇ. ಈ ಐದರ ದೋಷ ಕಳೆಯಲೆಂದೇ ದಿನವೂ ಪಂಚಮಹಾಯಜ್ಞ ಮಾಡಬೇಕು. ವೇದದ ಅಧ್ಯಯನ, ದೇವರಿಗೆ ಹೋಮ, ಪಿತೃಗಳಿಗೆ ತರ್ಪಣ, ಪ್ರಾಣಿಗಳಿಗೆ ಬಲಿಯ ಅನ್ನ, ಅತಿಥಿಗೆ ಊಟ: ಇಷ್ಟಾದ ಮೇಲೆ ಉಳಿದದ್ದು ನಮ್ಮದು. ಯಜ್ಞದಲ್ಲಿ ಉಳಿದದ್ದನ್ನು ಉಣ್ಣುವವರು ಪಾಪದಿಂದ ಬಿಡುಗಡೆ ಹೊಂದುತ್ತಾರೆ, ತಮಗಾಗಿ ಮಾತ್ರ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆ ಎಂಬ ಗೀತೆಯ ಮಾತು ಇಲ್ಲಿ ನನಗೆ ಹೊಸದಾಗಿ ಅರ್ಥವಾಗುತ್ತದೆ.

ಹಾಗಾದರೆ ಮಾಂಸ ಬಿಡುವುದರಲ್ಲಿ ಏನಿದೆ? ಮಾಂಸವೆಂಬ ಪದವನ್ನೇ ಮನುಸ್ಮೃತಿ ‘ಮಾಂ ಸಃ’ ಎಂದು ಒಡೆದು ತೋರಿಸುತ್ತದೆ: ಇಲ್ಲಿ ನಾನು ಯಾರನ್ನು ತಿನ್ನುತ್ತೇನೋ, ಅಲ್ಲಿ ಅವನು ನನ್ನನ್ನು ತಿನ್ನುತ್ತಾನೆ. ಯಜ್ಞದ ಮಾಂಸಕ್ಕೆ ಒಪ್ಪಿಗೆ ಕೊಡುವ ಮಾತುಗಳೂ ಅದೇ ಗ್ರಂಥದಲ್ಲಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಚರ್ಚೆಯೆಲ್ಲ ಮುಗಿಯುವುದು ‘ನಿವೃತ್ತಿಸ್ತು ಮಹಾಫಲಾ’ ಎಂಬಲ್ಲಿ. ತಿನ್ನುವುದು ಜೀವಿಗಳ ಸಹಜ ಪ್ರವೃತ್ತಿ, ಬಿಡುವುದಕ್ಕೆ ದೊಡ್ಡ ಫಲ. ಬಿಡುವುದನ್ನು ವ್ರತವೆಂದು ಕರೆದದ್ದು ಅದಕ್ಕೇ ಇರಬೇಕು.

ಆಹಾರ ಶುದ್ಧವಾದರೆ ಅಂತಃಕರಣ ಶುದ್ಧ, ಅದರಿಂದ ಸ್ಮೃತಿ ಸ್ಥಿರ ಎನ್ನುತ್ತದೆ ಛಾಂದೋಗ್ಯ ಉಪನಿಷತ್ತು. ಇಲ್ಲಿ ಆಹಾರವೆಂದರೆ ಇಂದ್ರಿಯಗಳು ಒಳಗೆ ತಂದುಕೊಳ್ಳುವ ವಿಷಯಗಳೆಲ್ಲ ಎಂದರು ಶಂಕರರು. ರಾಮಾನುಜರು ತಿನ್ನುವ ಅನ್ನವನ್ನೇ ಹಿಡಿದರು. ನನಗೆ ಎರಡೂ ಬೇಕು. ಸಾತ್ವಿಕ ಊಟ ಮಾಡಿ ಎದ್ದು, ಕಟುಮಾತಿನಿಂದ ಇನ್ನೊಬ್ಬರ ಮನಸ್ಸನ್ನು ಹರಿದುಹಾಕಿದ ದಿನಗಳು ನನ್ನ ಬದುಕಿನಲ್ಲಿಯೂ ಇವೆ.

ಈ ವಿಷಯದಲ್ಲಿ ನನ್ನ ಗುರು ಮಹಾಭಾರತದ ವನಪರ್ವದ ಧರ್ಮವ್ಯಾಧ. ಮಿಥಿಲೆಯಲ್ಲಿ ಮಾಂಸ ಮಾರುವವನು. ತಾನು ಕೊಲ್ಲುವುದಿಲ್ಲ, ತಿನ್ನುವುದಿಲ್ಲ. ತಪಸ್ಸಿನ ಗರ್ವ ಹೊತ್ತ ಕೌಶಿಕನೆಂಬ ಬ್ರಾಹ್ಮಣ ಧರ್ಮ ಕೇಳಲು ಅವನ ಅಂಗಡಿಗೇ ಹೋಗಬೇಕಾಯಿತು. ಉಳುವಾಗ ನೆಲದೊಳಗಿನ ಎಷ್ಟೋ ಜೀವಗಳು ಸಾಯುತ್ತವೆ, ಭತ್ತದ ಬೀಜವೂ ಜೀವವೇ, ಅಹಿಂಸೆಯಲ್ಲಿ ನಿಂತ ಯತಿಗಳಿಂದಲೂ ಹಿಂಸೆ ನಡೆಯುತ್ತದೆ. ಪ್ರಯತ್ನಪಟ್ಟರೆ ಅದು ಕಡಿಮೆಯಾಗುತ್ತದೆ ಎಂದನು ವ್ಯಾಧ. ಇಲ್ಲವಾಗುತ್ತದೆ ಎನ್ನಲಿಲ್ಲ, ಕಡಿಮೆಯಾಗುತ್ತದೆ ಎಂದನು. ಈ ಒಂದು ಮಾತಿನ ಮುಂದೆ ನನ್ನ ಸಸ್ಯಾಹಾರದ ಹೆಮ್ಮೆ ನಿಲ್ಲುವುದಿಲ್ಲ. ಇನ್ನೊಬ್ಬರ ತಟ್ಟೆಯತ್ತ ಬೆರಳು ತೋರಿಸುವ ಅಧಿಕಾರವೂ ಉಳಿಯುವುದಿಲ್ಲ.

ಅನ್ನ ಬೆಂದಿತು. ತುಳಸಿದಳ ಹಾಕಿ ದೇವರಿಗೆ ನಿವೇದಿಸಿ, ಒಂದು ಹಿಡಿ ತೆಗೆದು ಹೊರಗೆ ಇರುವೆಗಳ ಸಾಲಿನ ಬಳಿ ಇಟ್ಟೆ. ಅವು ಒಂದೊಂದೇ ಅಗುಳನ್ನು ಎಳೆದುಕೊಂಡು ಹೋಗುವುದನ್ನು ನೋಡಿದೆ. ಆಮೇಲೆ ಒಳಗೆ ಬಂದು, ಎಲೆಯ ಸುತ್ತ ನೀರು ಬಿಟ್ಟು, ‘ಪ್ರಾಣಾಯ ಸ್ವಾಹಾ’ ಎಂದು ಮೊದಲ ತುತ್ತು ತೆಗೆದುಕೊಂಡೆ.