ಹಳೆ ಶೆವಿ ಪಿಕಪ್: ಕಾರ್ಬೊರೇಟರ್‌ನಿಂದ ಬರುತ್ತಿದ್ದ ಡಪ್ ಡಪ್

ಬ್ರೇಕ್ ಕೆಲಸ ಮುಗಿಯಿತು, ಈಗ ಎಂಜಿನ್ ಸರದಿ. ಗಾಡಿ ಯಾವುದು ಅಂತ ಮರೆತವರಿಗೆ: 1979ರ ಶೆವ್ರೊಲೆ ಸಿ-10. 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ವಿ8. ಪೆಟ್ರೋಲ್ ಮತ್ತು ಗಾಳಿ ಬೆರೆಸಲು ನಾಲ್ಕು ಬ್ಯಾರೆಲ್‌ನ ಕ್ವಾಡ್ರಾಜೆಟ್ ಕಾರ್ಬೊರೇಟರ್. ಇಲ್ಲಿ ಟೆಕ್ಸಾಸ್‌ನಲ್ಲಿ ಮನೆಯ ಗ್ಯಾರೇಜಿನಲ್ಲೇ ಎಲ್ಲ ರಿಪೇರಿ.

ತೊಂದರೆ ಇದು. ಐಡ್ಲಿಂಗ್‌ನಲ್ಲಿ ಒಂದೇ ತಾಳಕ್ಕೆ ಮಿಸ್ಸಿಂಗ್ ಹೊಡೆಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಡಪ್ ಡಪ್ ಅಂತ ಸಿಡಿಯುತ್ತದೆ. ಏರು ಹತ್ತುವಾಗ ಇನ್ನೂ ಜಾಸ್ತಿ. ಪಕ್ಕದ ಮನೆಯ ನಾಯಿ ನಮ್ಮ ಕಡೆ ಬರುವುದನ್ನೇ ಬಿಟ್ಟಿದೆ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಸದ್ದು ಕೇಳಿಸಿದೆ. ಸಕಲೇಶಪುರದಲ್ಲಿ ವರ್ಷಗಟ್ಟಲೆ ಪೆಟ್ರೋಲ್ ಜೀಪ್ ಓಡಿಸಿದವರು. "ಮೇಲಿಂದ ಸಿಡೀತಿದ್ಯೋ, ಸೈಲೆನ್ಸರಲ್ಲೋ? ಅದನ್ನ ನೋಡು ಮೊದಲು" ಅಂದರು. ಸರಿಯಾದ ಪ್ರಶ್ನೆ. ಸೈಲೆನ್ಸರ್‌ನಲ್ಲಿ ಸಿಡಿದರೆ, ಒಳಗೆ ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿಯುತ್ತಿದೆ ಅಂತ ಅರ್ಥ. ಕಾರ್ಬೊರೇಟರ್‌ನಲ್ಲಿ ಸಿಡಿದರೆ, ಇನ್‌ಟೇಕ್ ವಾಲ್ವ್ ತೆರೆದಾಗ ಬೆಂಕಿ ಹಿಂದಕ್ಕೆ, ಪೆಟ್ರೋಲ್ ಗಾಳಿ ತರುವ ಮ್ಯಾನಿಫೋಲ್ಡ್‌ಗೆ ನುಗ್ಗುತ್ತಿದೆ. ನನ್ನದು ಕಾರ್ಬೊರೇಟರ್‌ನದ್ದೇ. ಏರ್ ಕ್ಲೀನರ್ ತೆಗೆದು ಬಗ್ಗಿ ನೋಡಬೇಡಿ, ಹುಬ್ಬು ಸುಟ್ಟೀತು.

ಮೊದಲು ಸ್ಪಾರ್ಕ್ ಕಡೆ ನೋಡಿದೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-8-4-3-6-5-7-2. ಐದು ಮತ್ತು ಏಳು ಅಕ್ಕಪಕ್ಕದ ಸಿಲಿಂಡರ್‌ಗಳು, ಉರಿಯುವುದೂ ಒಂದರ ಹಿಂದೆ ಒಂದು. ಇವೆರಡರ ಪ್ಲಗ್ ವೈರ್‌ಗಳು ಅಂಟಿಕೊಂಡು ಹೋದರೆ ಐದರ ಕರೆಂಟು ಏಳಕ್ಕೂ ಹಾರಿ, ಅಲ್ಲಿ ಹೊತ್ತಿಗೆ ಮುಂಚೆಯೇ ಕಿಡಿ ಬೀಳಬಹುದು. ವೈರ್ ದೂರ ಮಾಡಿದೆ. ಹೊಸ ಪ್ಲಗ್ ಹಾಕಿ ಗ್ಯಾಪ್ 0.045 ಇಂಚಿಗೆ ಇಟ್ಟೆ. ಡಿಸ್ಟ್ರಿಬ್ಯೂಟರ್ ಕ್ಯಾಪ್‌ನಲ್ಲಿ ಬಿರುಕಿಲ್ಲ. ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದರೆ ಗುರುತು ನಿಂತಲ್ಲೇ ನಿಂತಿದೆ. ಸದ್ದು ಮಾತ್ರ ಹಾಗೇ ಇದೆ!

ಮ್ಯಾನಿಫೋಲ್ಡ್ ಸುತ್ತ ಎಲ್ಲೂ ಗಾಳಿ ಎಳೆಯುತ್ತಿಲ್ಲ. ಕ್ಯಾಮ್ ಅಂದರೆ ವಾಲ್ವ್ ತೆರೆಯುವ ಉಬ್ಬುಗಳಿರುವ ದಂಡ. ಅದನ್ನು ತಿರುಗಿಸುವ ಟೈಮಿಂಗ್ ಚೈನ್ ಸಡಿಲ ಇದೆಯಾ ಅಂತ ಕ್ರ್ಯಾಂಕನ್ನು ಹಿಂದೆ ಮುಂದೆ ತಿರುಗಿಸಿ ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ನೋಡಿದೆ. ಅದೂ ತಕ್ಷಣ ತಿರುಗುತ್ತದೆ.

ಮ್ಯಾನಿಫೋಲ್ಡ್ ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದಾಗ ಒಂದು ಸುಳಿವು ಸಿಕ್ಕಿತು. ಮುಳ್ಳು ಒಂದೇ ಸಮನೆ, ಲೆಕ್ಕ ಹಾಕಿದ ಹಾಗೆ ಕೆಳಗೆ ಕುಕ್ಕುತ್ತಿತ್ತು. ಅಂದರೆ ತೊಂದರೆ ಎಂಜಿನ್ನಿಗೆಲ್ಲ ಹರಡಿಲ್ಲ, ಒಂದು ಸಿಲಿಂಡರ್‌ನಲ್ಲೇ ಇದೆ. ಒಂದೊಂದೇ ಪ್ಲಗ್ ವೈರನ್ನು ಅರ್ಥ್ (ಗ್ರೌಂಡ್) ಮಾಡಿ ಆ ಸಿಲಿಂಡರ್‌ನ ಕಿಡಿ ನಿಲ್ಲಿಸುತ್ತಾ ಹೋದೆ. ಬೇರೆಯವುಗಳಲ್ಲಿ ಆರ್‌ಪಿಎಂ ಬಿತ್ತು. ಮೂರನೆಯದರಲ್ಲಿ ಮಾತ್ರ ಬೀಳಲೇ ಇಲ್ಲ, ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಸಿಕ್ಕಿತು ಅಂದುಕೊಂಡು ಕಂಪ್ರೆಷನ್ ನೋಡಿದರೆ ಮೂರನೆಯದು ಉಳಿದವುಗಳಷ್ಟೇ ಚೆನ್ನಾಗಿದೆ. ಒತ್ತಡ 140 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೇಲೆ.

ಇಲ್ಲೇ ಬಹಳ ಜನ ವಾಪಸ್ ಕಾರ್ಬೊರೇಟರ್‌ಗೆ ಹೋಗಿ ಸುಮ್ನೆ ದುಡ್ಡು ಸುರಿಯುತ್ತಾರೆ. ಕಂಪ್ರೆಷನ್ ಟೆಸ್ಟ್‌ನಲ್ಲಿ ಪೆಟ್ರೋಲ್ ಉರಿಯುವುದಿಲ್ಲ, ಸ್ಟಾರ್ಟರ್ ನಿಧಾನವಾಗಿ ತಿರುಗಿಸುತ್ತದೆ. ವಾಲ್ವ್ ಸರಿಯಾಗಿ ಮುಚ್ಚುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಪೂರ್ತಿ ತೆರೆಯುತ್ತಿದೆಯಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಎಡಗಡೆಯ ರಾಕರ್ ಕವರ್ ಬಿಚ್ಚಿ ಎಂಜಿನ್ ಕೈಯಿಂದ ತಿರುಗಿಸಿದೆ. ವಾಲ್ವ್ ಒತ್ತಿ ತೆರೆಯುವ ಸನ್ನೆಗಳೇ ರಾಕರ್. ಉಳಿದ ರಾಕರ್‌ಗಳೆಲ್ಲ ಚೆನ್ನಾಗಿ ಏಳುತ್ತವೆ. ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ರಾಕರ್ ಮಾತ್ರ ಮಂಡಿ ನೋವಿನ ಅಜ್ಜನಂತೆ ಅರ್ಧಕ್ಕೇ ಕೂರುತ್ತದೆ. ಕ್ಯಾಮ್ ಕಡೆಯಿಂದ ರಾಕರ್ ಎತ್ತುವ ಪುಶ್ ರಾಡ್ ತೆಗೆದು ಗಾಜಿನ ಮೇಲೆ ಉರುಳಿಸಿದೆ, ಬಾಗಿಲ್ಲ. ಮತ್ತೆ ಕೂರಿಸಿ, ರಾಕರ್ ಹಾಕದೆ, ಎಷ್ಟು ಏಳುತ್ತದೆ ಅಂತ ಅಳೆಯಲು ಅದರ ತುದಿಗೆ ಡಯಲ್ ಗೇಜ್ ಇಟ್ಟೆ. ಕಂಪನಿಯ ಕ್ಯಾಮ್‌ನಲ್ಲಿ ಎಕ್ಸಾಸ್ಟ್ ಲೋಬ್ (ಉಬ್ಬು) ಸುಮಾರು 6.9 ಮಿಲಿಮೀಟರ್ ಎತ್ತಬೇಕು. ಇದು ಎತ್ತಿದ್ದು 3 ಚಿಲ್ಲರೆ. ಕ್ಯಾಮ್‌ನ ಉಬ್ಬೇ ಸವೆದುಹೋಗಿದೆ.

ಈಗ ಲೆಕ್ಕ ಕೂಡಿಬಂತು. ಉರಿದ ಹೊಗೆಗೆ ಹೊರಗೆ ಹೋಗಲು ದಾರಿ ಸಾಲದು. ಇನ್‌ಟೇಕ್ ವಾಲ್ವ್ ತೆರೆದ ಕೂಡಲೇ ಆ ಬಿಸಿ ಹೊಗೆ ಮೇಲಕ್ಕೆ ನುಗ್ಗಿ, ಅಲ್ಲಿದ್ದ ಪೆಟ್ರೋಲ್ ಗಾಳಿಗೆ ಬೆಂಕಿ ಹಚ್ಚುತ್ತದೆ. ಅದೇ ಡಪ್.

ಇದು ಫ್ಲಾಟ್ ಟ್ಯಾಪೆಟ್ ಕ್ಯಾಮ್. ಲೋಬ್ ಮತ್ತು ಪುಶ್ ರಾಡ್ ನಡುವೆ ಕೂರುವ ಲಿಫ್ಟರ್‌ನ ತಳ ಲೋಬ್ ಮೇಲೆ ಉಜ್ಜುತ್ತಾ, ತಾನೂ ನಿಧಾನವಾಗಿ ಸುತ್ತುತ್ತಿರಬೇಕು. ಸುತ್ತುವುದು ನಿಂತರೆ ಎರಡೂ ಸವೆಯುತ್ತವೆ. ಆಯಿಲ್‌ನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ ಝಡ್‌ಡಿಡಿಪಿ ಈ ಉಜ್ಜಾಟದಿಂದ ಕಾಪಾಡುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಈಗಿನ ಕಾರುಗಳ ಆಯಿಲ್‌ನಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಹಿಂದಿನ ಮಾಲೀಕರು ಯಾವ ಆಯಿಲ್ ಹಾಕುತ್ತಿದ್ದರೋ! ಫಿಲ್ಟರ್ ಕೊಯ್ದು ನೋಡಿದೆ. ಕಾಗದದ ಮಡಿಕೆಗಳಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಹಾಗಾಗಿ ಆಯಿಲ್ ಪ್ಯಾನ್ ಇಳಿಸುವುದೂ ಪಟ್ಟಿಗೆ ಸೇರಿತು, ಬೇರಿಂಗ್ ನೋಡದೆ ಬಿಡಲಾಗದು.

ಹೊಸ ಕ್ಯಾಮ್, ಹದಿನಾರು ಹೊಸ ಲಿಫ್ಟರ್, ಟೈಮಿಂಗ್ ಸೆಟ್ ಆರ್ಡರ್ ಮಾಡಿದ್ದೇನೆ. ಹಳೆ ಲಿಫ್ಟರ್ ಹೊಸ ಕ್ಯಾಮ್ ಮೇಲೆ ಹಾಕುವ ಹಾಗಿಲ್ಲ. ದುಡ್ಡು ಉಳಿಸಲು ಅದು ಜಾಗವೇ ಅಲ್ಲ. ರೇಡಿಯೇಟರ್ ಬಿಚ್ಚಿದ್ದಾಯಿತು. ಇನ್ನು ವಾಟರ್ ಪಂಪ್, ಡಿಸ್ಟ್ರಿಬ್ಯೂಟರ್, ಇನ್‌ಟೇಕ್ ಮ್ಯಾನಿಫೋಲ್ಡ್. ಜೋಡಿಸಿ ಸ್ಟಾರ್ಟ್ ಮಾಡಿದ ಮೇಲೆ, ಹೊಸ ಕ್ಯಾಮ್ ಮತ್ತು ಲಿಫ್ಟರ್ ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ, ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಮೇಲೇ ಓಡಿಸಬೇಕು, ಐಡ್ಲಿಂಗ್‌ಗೆ ಇಳಿಸಬಾರದು. ಅದಕ್ಕೆ ಮುಂಚೆ ಅಕ್ಕಪಕ್ಕದ ಮನೆಯವರಿಗೆ ಹೇಳಿಡಬೇಕು.