ತ್ರೆಸ್ ಪೊಂತಾಸ್‌ನ ಹಾಡುಗಾರ

ಜೂನ್ ಬಂತೆಂದರೆ ಚಿಕ್ಕಮಗಳೂರಿನ ಕಾಫಿ ವ್ಯಾಪಾರದವರೆಲ್ಲ ಬ್ರೆಜಿಲ್ ಹವಾಮಾನ ನೋಡಲು ಶುರು ಮಾಡುತ್ತಾರೆ. ಅಲ್ಲಿ ಆಗ ಚಳಿಗಾಲ. ಮಿನಾಸ್ ಜೆರೈಸ್ ರಾಜ್ಯದ ದಕ್ಷಿಣ ಭಾಗದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾದರೆ ಇಲ್ಲಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜದ ರೇಟು ಜಿಗಿಯುತ್ತದೆ. 1994ರಲ್ಲಿ ಹಾಗೇ ಆಯಿತು. ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೇ ಒಪ್ಪಿಸಬೇಕೆಂಬ ಪೂಲ್ ಪದ್ಧತಿ ಸಡಿಲವಾಗಿ, ಬೆಳೆಗಾರರು ತಾವೇ ಮಾರಿಕೊಳ್ಳಲು ಶುರು ಮಾಡಿದ್ದ ಕಾಲ ಅದು. ಅಲ್ಲಿ ಗಿಡ ಸುಟ್ಟುಹೋಯಿತು, ಇಲ್ಲಿ ಎಸ್ಟೇಟಿಗೆ ಹೊಸ ಜೀಪು ಬಂತು. ನಮಗೆ ಬ್ರೆಜಿಲ್ ಅಂದರೆ ಅಷ್ಟೇ, ಮತ್ತೆ ಫುಟ್‌ಬಾಲು.

ನಾನು ಇಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಹಿಮದ ಸುದ್ದಿ ಹುಡುಕುವಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಊರುಗಳಲ್ಲಿ ತ್ರೆಸ್ ಪೊಂತಾಸ್ ಒಂದು. ಸುತ್ತ ಕಾಫಿಯೇ. ಒಂದು ರಾತ್ರಿ ಆ ಊರಿನ ಹೆಸರು ಹಾಕಿ ಹುಡುಕಿದಾಗ ಹವಾಮಾನದ ಬದಲು ಒಬ್ಬ ಹಾಡುಗಾರ ಸಿಕ್ಕರು. ಮಿಲ್ಟನ್ ನಾಸಿಮೆಂಟೊ. ಅವತ್ತಿನಿಂದ ಅವರನ್ನು ಬಿಟ್ಟಿಲ್ಲ. ಗೆಳೆಯರಿಗೆ ಸಿಕ್ಕಾಗಲೆಲ್ಲ ಹೇಳುತ್ತಿರುತ್ತೇನೆ, ಇಲ್ಲೂ ಬರೆದುಬಿಡೋಣ ಅನ್ನಿಸಿತು.

ಮಿಲ್ಟನ್ ಹುಟ್ಟಿದ್ದು 1942ರಲ್ಲಿ, ರಿಯೊ ಡಿ ಜನೈರೊದಲ್ಲಿ. ಹೆತ್ತ ತಾಯಿ ಮನೆಗೆಲಸದಾಕೆ, ಕಪ್ಪು ಹೆಂಗಸು. ಮಗು ಇನ್ನೂ ಚಿಕ್ಕದಿದ್ದಾಗಲೇ ಕ್ಷಯ ಬಂದು ತೀರಿಕೊಂಡಳು. ಅವಳು ಕೆಲಸಕ್ಕಿದ್ದ ಮನೆಯ ಮಗಳು ಲೀಲಿಯಾ ಮತ್ತು ಆಕೆಯ ಗಂಡ ಜೊಸೀನೊ ಮಗುವನ್ನು ತಮ್ಮದೇ ಮಾಡಿಕೊಂಡು ತ್ರೆಸ್ ಪೊಂತಾಸ್‌ಗೆ ಕರೆದುಕೊಂಡು ಬಂದರು. ಅಪ್ಪ ಅಮ್ಮ ಬಿಳಿಯರು, ಮಗ ಕಪ್ಪು. ಮನೆಯಲ್ಲಿ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಊರಿನಲ್ಲಿ ಹಾಗಿರಲಿಲ್ಲ. ಬಣ್ಣದ ಕಾರಣಕ್ಕೆ ಊರಿನ ಕ್ಲಬ್ಬಿನೊಳಗೆ ತನ್ನನ್ನು ಬಿಡುತ್ತಿರಲಿಲ್ಲ ಎಂದು ಮಿಲ್ಟನ್ ದೊಡ್ಡವರಾದ ಮೇಲೂ ನೆನೆಸಿಕೊಂಡಿದ್ದಾರೆ.

ಚಿಕ್ಕಂದಿನಲ್ಲಿ ಅವರಿಗೊಂದು ಪುಟ್ಟ ಅಕಾರ್ಡಿಯನ್ ಸಿಕ್ಕಿತ್ತು. ಅದರಲ್ಲಿ ಎಲ್ಲ ಸ್ವರಗಳೂ ಇರಲಿಲ್ಲ. ಬಾಜಾದಲ್ಲಿ ಇಲ್ಲದ ಸ್ವರ ಬಂದಾಗ ಹುಡುಗ ತನ್ನ ಗಂಟಲಿನಿಂದ ಅದನ್ನು ತುಂಬಿಸುತ್ತಿದ್ದ. ಈ ಒಂದು ವಿಷಯ ಗೊತ್ತಾದ ಮೇಲೆ ಅವರ ಹಾಡು ನನಗೆ ಬೇರೆ ಥರ ಕೇಳಿಸತೊಡಗಿತು. ಅವರು ಮೇಲಿನ ಸ್ಥಾಯಿಗೆ ಹೋದಾಗ ವಾದ್ಯ ಎಲ್ಲಿ ನಿಂತಿತು, ಗಂಟಲು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಹರೆಯದಲ್ಲಿ ದನಿ ಒಡೆಯುವಾಗ ಹುಡುಗ ಹೆದರಿದ್ದನಂತೆ. ಮನಸಿಟ್ಟು ಹಾಡುವವರು ಹೆಂಗಸರು ಮಾತ್ರ, ಗಂಡಸರದ್ದು ಬರೀ ಜೋರು ಎಂದು ಅವನ ನಂಬಿಕೆ. ಆಮೇಲೆ ರೇಡಿಯೊದಲ್ಲಿ ಅಮೆರಿಕದ ಹಾಡುಗಾರ ರೇ ಚಾರ್ಲ್ಸ್ ಹಾಡಿದ್ದು ಕೇಳಿ ಸಮಾಧಾನವಾಯಿತಂತೆ. ಅದೇ ಊರಿನ ವಾಗ್ನರ್ ತಿಸೊ ಜೊತೆ ಸೇರಿ ಬ್ಯಾಂಡು ಕಟ್ಟಿದರು, ಆಮೇಲೆ ಬೆಲೊ ಹೊರಿಜಾಂಟೆ ನಗರಕ್ಕೆ ಹೋಗಿ ಟೈಪಿಸ್ಟ್ ಕೆಲಸ ಮಾಡುತ್ತಾ ರಾತ್ರಿ ಹಾಡಿದರು. 1966ರಲ್ಲಿ ಎಲಿಸ್ ರೆಜಿನಾ ಎಂಬ ಹಾಡುಗಾರ್ತಿ ಮಿಲ್ಟನ್ ಅವರ ಒಂದು ಹಾಡನ್ನು ರೆಕಾರ್ಡ್ ಮಾಡಿದಳು. ಉಪ್ಪಿನ ಕೆಲಸದವರ ಹಾಡು ಅದು.

1967ರಲ್ಲಿ ರಿಯೊದ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಗೆ ಅವರ ಮೂರು ಹಾಡು ಆಯ್ಕೆಯಾದವು. ಕಳಿಸಿದ್ದು ಅವರಲ್ಲ. ಅಗೊಸ್ಟಿನ್ಯೊ ದೊಸ್ ಸಾಂಟೊಸ್ ಎಂಬ ಹಿರಿಯ ಹಾಡುಗಾರ ಇವರಿಗೆ ಹೇಳದೆಯೇ ಸೇರಿಸಿದ್ದರು. 'ಟ್ರಾವೆಸಿಯಾ' ಎರಡನೇ ಬಹುಮಾನ ಪಡೆಯಿತು, ಮಿಲ್ಟನ್ ರಾತ್ರಿ ಬೆಳಗಾಗುವುದರೊಳಗೆ ದೇಶಕ್ಕೆಲ್ಲ ಗೊತ್ತಾದರು. ಎಲ್ಲರೂ ಈ ಹಾಡನ್ನೇ ಹೇಳುತ್ತಾರೆ. ನನಗೆ ಮುಖ್ಯವಾದದ್ದು ಅದೇ ಸ್ಪರ್ಧೆಯ ಇನ್ನೊಂದು ಹಾಡು, 'ಮೊರೊ ವೆಲ್ಯೊ'. ಸಾಹಿತ್ಯ, ಸಂಗೀತ ಎರಡೂ ಅವರದ್ದೇ.

ಒಂದು ದೊಡ್ಡ ತೋಟ. ಬಿಳಿಯನ ಮಗ, ಕಪ್ಪು ಆಳಿನ ಮಗ, ಇಬ್ಬರೂ ಗೆಳೆಯರು. ಹಕ್ಕಿ ಹಿಂದೆ ಓಡುತ್ತಾರೆ, ಕತೆ ಹೇಳಿಕೊಳ್ಳುತ್ತಾರೆ. ಬಿಳಿಯನ ಮಗ ಓದಲು ಪಟ್ಟಣಕ್ಕೆ ಹೋಗುತ್ತಾನೆ. ವಾಪಸ್ ಬರುವಾಗ ದೊಡ್ಡ ಮನುಷ್ಯ, ಇನ್ನು ತೋಟದ ಯಜಮಾನ ಅವನೇ. ಹಳೇ ಗೆಳೆಯ ಈಗ ಆಡುವುದಿಲ್ಲ, ಕೆಲಸ ಮಾಡುತ್ತಾನೆ. ಹಾಡಿನಲ್ಲಿ ಇರುವುದು ಇಷ್ಟೇ. ಯಾರನ್ನೂ ಬೈಯುವುದಿಲ್ಲ.

ನಾನು ಬೆಳೆದದ್ದು ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರು. ನಮ್ಮ ಕ್ವಾರ್ಟರ್ಸು ಬಂಗಲೆಗೂ ಆಳುಗಳ ಲೈನ್ ಮನೆಗಳಿಗೂ ನಡುವೆ ಇತ್ತು. ಸಾಹುಕಾರ್ರ ಮಗ, ಲೈನಿನ ಒಬ್ಬ ಹುಡುಗ, ನಾನು, ಮೂವರೂ ಒಂದೇ ಹಳ್ಳದಲ್ಲಿ ಏಡಿ ಹಿಡಿದವರು. ಐದನೇ ಕ್ಲಾಸಿಗೆ ಸಾಹುಕಾರ್ರ ಮಗ ಹಾಸ್ಟೆಲಿಗೆ ಹೋದ. ವರ್ಷಗಳಾದ ಮೇಲೆ ಒಂದು ಕುಯ್ಲಿನ ಸಂಜೆ ನಾನು ಕಣದ ಹತ್ತಿರ ನಿಂತಿದ್ದೆ. ಹಣ್ಣಿನ ತೂಕ ನಡೆಯುತ್ತಿತ್ತು. ಸಾಹುಕಾರ್ರ ಮಗ ಕುರ್ಚಿ ಹಾಕಿಕೊಂಡು ಪುಸ್ತಕ ನೋಡುತ್ತಿದ್ದ. ನಮ್ಮ ಗೆಳೆಯ ಬೆನ್ನ ಮೇಲಿನ ಚೀಲ ಇಳಿಸಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಪಕ್ಕಕ್ಕೆ ಸರಿದು, "ನೋಡಿ ಸಣ್ಣ ಸಾವ್ಕಾರ್ರೆ" ಅಂದ. ಅದಕ್ಕೆ ಮೊದಲು ಅವನನ್ನು "ಲೋ" ಅಂತಲೇ ಕರೆದವನು. ಸಾಹುಕಾರ್ರ ಮಗನಿಗೂ ಕಷ್ಟವಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಅವನೂ ಏನೂ ಅನ್ನಲಿಲ್ಲ. ತೂಕ ಬರೆದುಕೊಂಡ.

'ಮೊರೊ ವೆಲ್ಯೊ'ದ ಅರ್ಥವನ್ನು ಇಂಟರ್ನೆಟ್ಟಿನಲ್ಲಿ ಓದಿ ಮುಗಿಸಿದಾಗ ನನ್ನ ಕೈ ನಡುಗುತ್ತಿತ್ತು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಹೋಗಿದ್ದು 1888ರಲ್ಲಿ. ಅಲ್ಲಿಯ ಕಾಫಿಯನ್ನು ದೊಡ್ಡ ಬೆಳೆ ಮಾಡಿದ್ದು ಗುಲಾಮರ ದುಡಿಮೆ. ನಮ್ಮ ಚರಿತ್ರೆ ಬೇರೆ, ಎರಡನ್ನೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಆ ಸಂಜೆಯ ಬಗ್ಗೆ ಮಲೆನಾಡಿನಲ್ಲಿ ಯಾರ ಬಾಯಲ್ಲೂ ಕೇಳದ ಮಾತನ್ನು ತ್ರೆಸ್ ಪೊಂತಾಸ್‌ನಲ್ಲಿ ಬೆಳೆದ ಹುಡುಗ ನಾನು ಹುಟ್ಟುವ ಮೊದಲೇ ಹಾಡಿಬಿಟ್ಟಿದ್ದರು.

1972ರ ಜೋಡಿ ಆಲ್ಬಮ್ 'ಕ್ಲೂಬೆ ದ ಎಸ್ಕಿನಾ' ಅವರ ಅತಿ ಹೆಸರಾದ ಕೆಲಸ. ಲೋ ಬೊರ್ಜೆಸ್ ಎಂಬ ಇಪ್ಪತ್ತರ ಹುಡುಗನ ಜೊತೆ ಮಾಡಿದ್ದು. ಬೆಲೊ ಹೊರಿಜಾಂಟೆಯ ಸಾಂತಾ ತೆರೇಜಾ ಬಡಾವಣೆಯ ಒಂದು ಬೀದಿ ಮೂಲೆಯಲ್ಲಿ ಸೇರುತ್ತಿದ್ದ ಹುಡುಗರ ಗುಂಪಿನಿಂದ ಆ ಹೆಸರು ಬಂತು. ಮುಖಪುಟದಲ್ಲಿ ಮಣ್ಣಿನ ರಸ್ತೆ ಪಕ್ಕ ಇಬ್ಬರು ಹುಡುಗರು ಕೂತಿದ್ದಾರೆ, ಒಬ್ಬ ಕಪ್ಪು, ಒಬ್ಬ ಬಿಳಿ. ಮಿಲ್ಟನ್ ಮತ್ತು ಲೋ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ, ದಾರಿಯಲ್ಲಿ ಹೋಗುವಾಗ ಫೋಟೊಗ್ರಾಫರ್ ಕಣ್ಣಿಗೆ ಬಿದ್ದ ಹಳ್ಳಿ ಹುಡುಗರು. ನನಗೆ ಆ ಫೋಟೊ ನೋಡಿದಾಗಲೆಲ್ಲ ಇವರಿಬ್ಬರು ಮುಂದೆ ಏನಾದರು ಎಂಬ ಯೋಚನೆಯೇ ಬರುತ್ತದೆ.

ಅದರ ಮುಂದಿನ ವರ್ಷದ್ದು 'ಮಿಲಾಗ್ರೆ ದೋಸ್ ಪೇಯ್ಶೆಸ್'. ಆಗ ಅಲ್ಲಿ ಮಿಲಿಟರಿ ಆಡಳಿತ, 1964ರಿಂದ 1985ರವರೆಗೂ ಇತ್ತು. ಸೆನ್ಸಾರಿನವರು ಹಲವು ಹಾಡುಗಳ ಸಾಹಿತ್ಯಕ್ಕೆ ಕತ್ತರಿ ಹಾಕಿದರು. ಮಿಲ್ಟನ್ ಆಲ್ಬಮ್ ಕೈಬಿಡಲಿಲ್ಲ, ಬೇರೆ ಸಾಹಿತ್ಯ ಬರೆಸಲೂ ಇಲ್ಲ. ಮಾತಿಲ್ಲದೆ ಬರೀ ದನಿಯಲ್ಲಿ ಹಾಡಿದರು. ಕೂಗು, ನರಳಾಟ, ಗುನುಗು, ಎತ್ತರದಲ್ಲಿ ಒಂದು ಎಳೆ. ಅಕಾರ್ಡಿಯನ್‌ನಲ್ಲಿ ಇಲ್ಲದ ಸ್ವರವನ್ನು ಗಂಟಲಲ್ಲಿ ತುಂಬಿಸಿದ ಹುಡುಗನಿಗೆ ಇದು ಹೊಸದಾಗಿರಲಿಲ್ಲ, ಅಲ್ವಾ? ಪೋರ್ಚುಗೀಸ್ ಬಾರದ ನಾನೂ, ಅಲ್ಲಿಯವರೂ ಆ ಹಾಡುಗಳ ಮುಂದೆ ಒಂದೇ ಸಮ ಕೂರುತ್ತೇವೆ. ಅದಕ್ಕೇ ಅವರ ಹಾಡು ಹೊಸದಾಗಿ ಕೇಳುವವರಿಗೆ ನಾನು ಮೊದಲು ಕೊಡುವುದು ಈ ಆಲ್ಬಮ್.

ಆಮೇಲಿನದು ಎಲ್ಲರಿಗೂ ಸಿಗುವ ಕತೆ. 1975ರಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಜೊತೆ 'ನೇಟಿವ್ ಡ್ಯಾನ್ಸರ್' ಬಂತು, ಹೊರದೇಶದಲ್ಲಿ ಹೆಸರಾಯಿತು. 1998ರಲ್ಲಿ ಗ್ರ್ಯಾಮಿ ಬಂತು. ನಾನು ಅದಕ್ಕಿಂತ ದೊಡ್ಡದು ಅಂದುಕೊಳ್ಳುವುದು ಎಂಬತ್ತರ ದಶಕದ ಎರಡು ಸಂಗತಿ. ಒಂದು 'ಮಿಸ್ಸಾ ದೋಸ್ ಕಿಲೊಂಬೋಸ್'. ಗುಲಾಮರ ನೋವನ್ನು ಚರ್ಚಿನ ಪೂಜೆಯ ರೂಪದಲ್ಲಿ ಹಾಡಿದ್ದು, ಪೆದ್ರೊ ಕಸಾಲ್ದಾಲಿಗಾ ಎಂಬ ಬಿಷಪ್ ಅದರ ಸಾಹಿತ್ಯಕ್ಕೆ ಕೈಜೋಡಿಸಿದ್ದರು. ಇನ್ನೊಂದು 'ಕೊರಾಸಾಂವ್ ದೆ ಎಸ್ತುದಾಂತೆ'. ಅಧ್ಯಕ್ಷರನ್ನು ನಾವೇ ಆರಿಸುತ್ತೇವೆ ಎಂದು 1984ರಲ್ಲಿ ಲಕ್ಷಾಂತರ ಜನ ಬೀದಿಗಿಳಿದಾಗ ಎಲ್ಲರ ಬಾಯಲ್ಲಿ ಇದ್ದ ಹಾಡು. ಸಂಗೀತ ವಾಗ್ನರ್ ತಿಸೊ ಅವರದ್ದು. ತ್ರೆಸ್ ಪೊಂತಾಸ್‌ನ ಇಬ್ಬರು ಹುಡುಗರು ದೇಶಕ್ಕೆ ಹಾಡು ಕೊಟ್ಟಿದ್ದರು.

2022ರ ನವೆಂಬರ್ 13ರಂದು, ಎಂಬತ್ತು ತುಂಬಿದ ಮೇಲೆ, ಬೆಲೊ ಹೊರಿಜಾಂಟೆಯ ಮಿನೈರಾಂವ್ ಸ್ಟೇಡಿಯಮ್ಮಿನಲ್ಲಿ ಕೊನೆಯ ಕಛೇರಿ ಮಾಡಿ ವೇದಿಕೆಯಿಂದ ಇಳಿದರು. ಕೂತುಕೊಂಡೇ ಹಾಡಿದರು. ದನಿ ಹಳೆಯದಲ್ಲ, ಮೇಲಿನ ಸ್ವರಗಳಿಗೆ ಜೊತೆಯವರು ಹೆಗಲು ಕೊಡುತ್ತಾರೆ. ವೇದಿಕೆ ಬಿಟ್ಟರೂ ರೆಕಾರ್ಡಿಂಗ್ ಬಿಡಲಿಲ್ಲ. 2024ರಲ್ಲಿ ಅಮೆರಿಕದ ಜಾಜ್ ಹಾಡುಗಾರ್ತಿ ಎಸ್ಪೆರಾಂಝಾ ಸ್ಪಾಲ್ಡಿಂಗ್ ಜೊತೆ ಒಂದು ಆಲ್ಬಮ್ ಬಂತು. ಕೇಳಬೇಕು ಅನ್ನುವವರು ಅದರಿಂದ ಶುರು ಮಾಡಬೇಡಿ. ಮೊದಲು 1973ರದ್ದು, ಆಮೇಲೆ 1972ರದ್ದು, ಆಮೇಲೆ 'ಮೊರೊ ವೆಲ್ಯೊ'. ಎಸ್ಟೇಟಿನಲ್ಲಿ ಬೆಳೆದವರಾದರೆ ಈ ಕೊನೆಯದನ್ನು ಅರ್ಥ ಓದಿಕೊಂಡೇ ಕೇಳಿ.