ಕಾಪು ಬಂಡೆ ಸರಣಿ: ಏಳನೇ ಚಿತ್ರ ಕೈಕೊಟ್ಟಿತು

ಉಡುಪಿ ಹತ್ತಿರದ ಕಾಪು ಕಡಲತೀರದ ದೀಪಸ್ತಂಭದ ಬಂಡೆಯನ್ನು ಒಂದೇ ಜಾಗದಲ್ಲಿ ಕೂತು ಹನ್ನೆರಡು ಸಲ ಬಿಡಿಸಬೇಕು ಅಂತ ಹೊರಟಿದ್ದೇನೆ. ಜಲವರ್ಣ, ದಪ್ಪನೆಯ (300 ಜಿಎಸ್‌ಎಂ) ಕಾಟನ್ ಹಾಳೆ, ಸಂಜೆ ನಾಲ್ಕೂವರೆ. ಆರು ಮುಗಿದಿವೆ. ಏಳನೆಯದು ಕೆಟ್ಟಿತು.

ಸ್ತಂಭ 1901ರದ್ದು. ಅದು ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ಸುಲಭ. ಕಷ್ಟವೆಲ್ಲ ಇರುವುದು ಅದರ ಬುಡದಲ್ಲಿ.

ಭಾನುವಾರ ಬಂಡೆ ಮುಗಿಸಿದೆ. ಕೆಂಗಂದು ಬಣ್ಣದ ಬರ್ಂಟ್ ಸಿಯೆನ್ನಾಕ್ಕೆ ಕಡು ನೀಲಿ ಅಲ್ಟ್ರಾಮರೀನ್ ಸೇರಿಸಿ ನೀರು ಜಾಸ್ತಿ ಹಾಕಿದರೆ ಒಣ ಬಂಡೆಯ ಬೂದು ಬರುತ್ತದೆ. ಅದೇ ಎರಡು ಬಣ್ಣ, ನೀರು ಕಮ್ಮಿ, ಆಗ ಒದ್ದೆ ಬಂಡೆಯ ಕಪ್ಪು. ಕಪ್ಪು ಟ್ಯೂಬ್ ಬೇಕಾಗಿಯೇ ಇಲ್ಲ. ನೊರೆಯ ಜಾಗ ಬೆಳ್ಳಗೇ ಉಳಿಯಲಿ ಅಂತ ಅಲ್ಲಿಗೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ತಡೆಯುವ, ಆಮೇಲೆ ಕಿತ್ತು ತೆಗೆಯುವ ಅಂಟು) ಹಚ್ಚಿ ಮನೆಗೆ ಬಂದೆ. ಮತ್ತೆ ಹೋಗಲು ಆಗಿದ್ದು ಐದು ದಿನ ಬಿಟ್ಟು. ಅವತ್ತು ಮರಳು ಬಿಡಿಸಿದೆ. ಒದ್ದೆ ಮರಳಿಗೆ ಅದರದ್ದೇ ಬಣ್ಣ ಅಂತ ಇಲ್ಲ, ಆಕಾಶದ ಬಣ್ಣವನ್ನೇ ಮೇಲಿಂದ ಕೆಳಗೆ ಎಳೆಯಬೇಕು. ಚೆನ್ನಾಗೇ ಬಂತು, ಸುಳ್ಳು ಯಾಕೆ.

ಬಲೆ ಹೊತ್ತು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ಒಳ್ಳೇದುಂಟು ಮಾರಾಯ್ರೆ. ಆದ್ರೆ ಇದ್ರಲ್ಲಿ ನೀರು ಬರ್ತಾ ಉಂಟಾ, ಹೋಗ್ತಾ ಉಂಟಾ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ನನ್ನ ಬಂಡೆ ನೀರಿನ ಅಂಚಿನವರೆಗೂ ಒಣಗಿದೆ, ಅಂದರೆ ನೀರು ಏರುತ್ತಿದೆ. ಮರಳು ಮಾತ್ರ ಮೇಲಿನವರೆಗೂ ಹೊಳೆಯುತ್ತಿದೆ, ಅಂದರೆ ನೀರು ಈಗಷ್ಟೇ ಇಳಿದುಹೋಗಿದೆ. ಒಂದೇ ಹಾಳೆಯಲ್ಲಿ ಎರಡು ಸಮುದ್ರ!

ಮನೆಗೆ ಬಂದು ಲೆಕ್ಕ ಹಾಕಿದೆ. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಐದು ದಿನಕ್ಕೆ ನಾಲ್ಕು ಗಂಟೆ ಹತ್ತಿರ. ಭಾನುವಾರ ಮೂರಕ್ಕೇ ಪೂರ್ತಿ ಇಳಿದಿದ್ದ ನೀರು, ಶುಕ್ರವಾರ ಏಳಕ್ಕೆ ಇಳಿಯುವುದರಲ್ಲಿತ್ತು. ನಾನು ಗಡಿಯಾರ ನೋಡಿ ಹೋಗುತ್ತಿದ್ದೆ, ಸಮುದ್ರ ನೋಡುವುದು ಚಂದ್ರನನ್ನು. ಕರಾವಳಿಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾಚಿಕೆಯೇ, ಅಲ್ವಾ? ಹೆಸರಾಂತ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಹುಟ್ಟಿದ ಕಟ್ಟಿಂಗೇರಿ ಬೇರೆ ಇಲ್ಲಿಂದ ದೂರವೇನಿಲ್ಲ.

ಇಷ್ಟು ಸಾಲದು ಅಂತ ಮಾಸ್ಕಿಂಗ್ ಫ್ಲೂಯಿಡ್ ಕೂಡ ಕಾಟ ಕೊಟ್ಟಿತು. ಐದು ದಿನ ಹಾಳೆಯ ಮೇಲೇ ಬಿಟ್ಟಿದ್ದೆನಲ್ಲ, ಕಿತ್ತಾಗ ಕಾಗದದ ಸಿಪ್ಪೆಯೂ ಎದ್ದು ಬಂತು. ನೊರೆ ಇರಬೇಕಾದಲ್ಲಿ ಹತ್ತಿಯಂಥ ಜುಂಗು. ಇನ್ನು ಮೇಲೆ ಅದು ಬೇಡ. ಒರಟು ಹಾಳೆಯ ಮೇಲೆ ಒಣ ಬ್ರಷ್ ಮಲಗಿಸಿ ಸರ್ರನೆ ಎಳೆದರೆ ಬಿಳಿ ಚುಕ್ಕಿಗಳು ತಾವಾಗಿಯೇ ಉಳಿಯುತ್ತವೆ, ಸಂಜೆ ಬಿಸಿಲಿನ ಮಿಣುಕಿಗೆ ಅದೇ ಸಾಕು.

ಒಂದು ತುಣುಕು ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದೇನೆ, ಅಂಗೈಯಷ್ಟು. ತೆರೆ ಮುರಿಯುವ ಮೊದಲು ಎದ್ದು ನಿಲ್ಲುತ್ತದಲ್ಲ, ಹಿಂದಿನಿಂದ ಬಿಸಿಲು ಬಿದ್ದು ಅದರ ತೆಳು ಅಂಚು ಒಂದು ಕ್ಷಣ ಎಳೆ ಹಸಿರಾಗುತ್ತದೆ. ಅದು ಸಿಕ್ಕಿದೆ.

ಇನ್ನು ಒಂದೇ ದಿನಕ್ಕೆ ಮುಗಿಸಬೇಕು. ಆಗದಿದ್ದರೆ ಹದಿನೈದು ದಿನ ಕಾಯಬೇಕು, ಆಗ ನೀರು ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತದೆ. ಎಂಟನೇ ಹಾಳೆಯನ್ನು ಹಲಗೆಗೆ ಅಂಟಿಸಿಯಾಯಿತು. ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: "ನೀರು ಹೋಗ್ತಾ ಉಂಟು."